ಎಂಟು ದೇಶಗಳ ಮೌನ

ನಮ್ಮ ದೇಶ ಅರಬ್ಬಿ ಒಕ್ಕೂಟವನ್ನು ಬಿಟ್ಟದ್ದು ಜನವರಿ ಹತ್ತರಂದು, ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕೆ. ಒಕ್ಕೂಟದ ಸಂಪರ್ಕ ಕಡಿಯುವ ಗುಂಡಿ ಒತ್ತಿದವಳು ನಾನು. ಒತ್ತಬೇಕಾಗಿದ್ದವರು ಮಂತ್ರಿಗಳು. ಅವರ ಹೆಲಿಕಾಪ್ಟರು ತಡವಾಯಿತು, ಮುಹೂರ್ತ ಮೀರುತ್ತದೆ ಎಂದು ನಿರ್ದೇಶಕರು ನನ್ನನ್ನು ಮುಂದಕ್ಕೆ ತಳ್ಳಿದರು. ಆಮೇಲೆ ಮಂತ್ರಿಗಳು ಬಂದು ಅದೇ ಗುಂಡಿಯ ಮೇಲೆ ಬೆರಳಿಟ್ಟು ಫೋಟೊ ತೆಗೆಸಿಕೊಂಡರು. ಪತ್ರಿಕೆಗಳಲ್ಲಿ ಬಂದದ್ದು ಆ ಫೋಟೊ. ಆಗ ನನಗೆ ಬೇಜಾರಾಗಿತ್ತು. ಈಗ, ಸದ್ಯ ಬದುಕಿದೆ ಅನ್ನಿಸುತ್ತದೆ.

ನನ್ನ ಹೆಸರು ಸುಗಂಧಿ. ಮರಳಬೆಂಗ್ರೆಯ ಕರೆಗಂಬ ಕೇಂದ್ರದಲ್ಲಿ ಮೊಟ್ಟೆ ಎಣಿಕೆ ವಿಭಾಗದ ಮುಖ್ಯಸ್ಥೆ. ಹುಟ್ಟಿದ್ದೂ ಇದೇ ಬೆಂಗ್ರೆಯಲ್ಲಿ, ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು ಇರುವ ಈ ಉದ್ದನೆಯ ಮರಳ ಪಟ್ಟಿಯ ಮೇಲೆ. ಅಜ್ಜ ಕೈರಂಪಣಿ ಎಳೆದವನು. ದಡದಿಂದಲೇ ನೂರು ಜನ ಹಗ್ಗ ಹಿಡಿದು ಎಳೆಯುವ ಆ ದೊಡ್ಡ ಬಲೆಯನ್ನು ನಾನು ನೋಡಿದ್ದು ಚಿತ್ರದಲ್ಲಿ ಮಾತ್ರ. ಅಜ್ಜನ ಕಾಲದಲ್ಲೇ ಕಡಲು ಕಾದು ಬಿಸಿಯಾಗಿ, ಬಂಗುಡೆ, ಬೂತಾಯಿ ಮೀನುಗಳೆಲ್ಲ ನಮ್ಮ ದಡ ಬಿಟ್ಟು ಪಡುವಣದ ತಣ್ಣೀರಿಗೆ ಹೋಗಿಬಿಟ್ಟಿದ್ದವು.

ಅವನ್ನು ತಿರುಗಿ ಕರೆಯಲಿಕ್ಕೆ ಹುಟ್ಟಿದ್ದೇ ಕರೆಗಂಬ. ತೆಂಗಿನಮರದಷ್ಟು ಎತ್ತರದ ಟೊಳ್ಳು ಕಂಬ, ಕಡಲ ತಳದಲ್ಲಿ ನಿಂತಿರುತ್ತದೆ. ಆಳದ ತಣ್ಣೀರನ್ನು ಹೀರಿ ಮೇಲಕ್ಕೆ ಬಿಡುತ್ತದೆ. ಆ ನೀರಿನೊಡನೆ ಮೀನಿನ ಮೇವೂ ಏಳುತ್ತದೆ. ಜೊತೆಗೆ ಕಂಬ ಒಂದು ತಗ್ಗು ದನಿಯಲ್ಲಿ ಗುಂಯ್‌ಗುಡುತ್ತದೆ. ದನಿ ಇದ್ದಲ್ಲಿ ತಂಪು ಉಂಟು, ಊಟ ಉಂಟು ಎಂದು ಮೀನುಗಳು ಎರಡೇ ತಲೆಮಾರಿನಲ್ಲಿ ಕಲಿತುಬಿಟ್ಟವು. ಅರಬ್ಬಿ ಕಡಲಿನ ಸುತ್ತಲ ಒಂಬತ್ತು ದೇಶಗಳು ಸೇರಿ ಮೂರು ಸಾವಿರ ಕಂಬ ನೆಟ್ಟವು, ಸರದಿ ಗೊತ್ತುಮಾಡಿಕೊಂಡವು. ಯಾರ ಸರದಿಯೋ ಅವರ ಕಂಬ ಕೂಗಬೇಕು, ಉಳಿದವರದು ಸುಮ್ಮನಿರಬೇಕು; ಯಾರ ಸರದಿಯೂ ಅಲ್ಲದ ದಿನಗಳಲ್ಲಿ ಎಲ್ಲರ ಕಂಬವೂ ಕೂಗಬಹುದು. ನಮ್ಮದು ನವೆಂಬರ್ ಮಧ್ಯದಿಂದ ಹನ್ನೊಂದು ವಾರ. ಮೀನಿನಿಂದ ಶುರುವಾದ ಈ ಒಪ್ಪಂದವೇ ಮುಂದೆ ಒಂದು ಸಂಸತ್ತು, ಒಂದು ಪಾಸ್‌ಪೋರ್ಟು, ಒಂದು ನ್ಯಾಯಾಲಯ ಎಂದು ಬೆಳೆದು ಒಕ್ಕೂಟವಾಯಿತು.

ಬಿಡಬೇಕು ಎಂಬ ಕೂಗಿಗೆ ಕಾರಣಗಳು ಹತ್ತಾರು ಇದ್ದವು. ಆದರೆ ಕರಾವಳಿಯ ಗೋಡೆಗೋಡೆಯ ಮೇಲೆ ಬರೆದದ್ದು ಒಂದೇ ಸಂಖ್ಯೆ: ಅರವತ್ತೆಂಟು. ಈ ಕಡಲಿನಲ್ಲಿ ಹುಟ್ಟುವ ನೂರು ಬಂಗುಡೆಗಳಲ್ಲಿ ಅರವತ್ತೆಂಟು ನಮ್ಮ ದಡದಲ್ಲೇ ಹುಟ್ಟುತ್ತವೆ. ಹಾಗಿದ್ದ ಮೇಲೆ ಹನ್ನೊಂದು ವಾರದ ಪಾಲಿಗೆ ನಾವು ಕೈ ಚಾಚುವುದು ಯಾಕೆ? ಹುಟ್ಟಿದ ಮೀನು ಹುಟ್ಟಿದ ನೀರಿಗೆ ತಾನಾಗಿಯೇ ಬರುತ್ತದೆ, ಅವರ ಸರದಿಯ ಹಂಗು ಯಾರಿಗೆ ಬೇಕು?

ಆ ಅರವತ್ತೆಂಟು ನನ್ನ ಸಂಖ್ಯೆ. ಹತ್ತು ವರ್ಷ, ಹೊಳೆ ಕಡಲು ಸೇರುವ ನಲವತ್ತೊಂದು ಅಳಿವೆಬಾಯಿಗಳಲ್ಲಿ ನೀರೆತ್ತಿ, ನೀರಿನಲ್ಲಿ ಮೀನಿನ ಮೊಟ್ಟೆಯ ಕುರುಹು ಎಷ್ಟಿದೆ ಎಂದು ಯಂತ್ರದಿಂದ ಓದಿಸಿ ತೆಗೆದದ್ದು. ನೀರೆತ್ತುವ ದಿನವನ್ನೂ ನಾನೇ ಆರಿಸಿದ್ದೆ: ನೂಲಹುಣ್ಣಿಮೆಯ ಮರುದಿನದ ಬೆಳಿಗ್ಗೆ. ಹುಣ್ಣಿಮೆಯಂದು ಸಮುದ್ರಪೂಜೆ, ಯಾವ ದೋಣಿಯೂ ಕಡಲಿಗಿಳಿಯುವುದಿಲ್ಲ. ನೀರು ಕದಡಿರುವುದಿಲ್ಲ. ಎಂಥ ಜಾಣತನದ ಆಯ್ಕೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಮತದಾನದಲ್ಲಿ ನಾನೂ ಬಿಡುವುದಕ್ಕೇ ಮತ ಹಾಕಿದೆ. ನನ್ನ ಸಂಖ್ಯೆಯನ್ನು ನಾನೇ ನಂಬದಿದ್ದರೆ ಹೇಗೆ?

ಗುಂಡಿ ಒತ್ತುವ ಮೊದಲು ಪಡುವಣ ದಡದ ಕೇಂದ್ರದಿಂದ ರುಕಯ್ಯಾ ಕೊನೆಯ ಸಲ ಪರದೆಯ ಮೇಲೆ ಬಂದಳು. ಹತ್ತು ವರ್ಷದಿಂದ ದಿನವೂ ಮುಖ ನೋಡಿ ಮಾತಾಡಿದವಳು. ಅವಳು ಅರಬ್ಬಿಯಲ್ಲಿ ಹೇಳಿದ್ದನ್ನು ನಮ್ಮ ಯಂತ್ರ ಯಾವುದೋ ಕಾಲದ ಸರಕಾರಿ ಕನ್ನಡಕ್ಕೆ ತಿರುಗಿಸುತ್ತಿತ್ತು.

"ಮಾನ್ಯ ಸುಗಂಧಿಯವರೇ, ಅಂತಿಮವಾಗಿ ಒಂದು ಪ್ರಶ್ನೆ. ತಮ್ಮಲ್ಲಿ ಇಷ್ಟೊಂದು ಮೊಟ್ಟೆಗಳಿವೆ. ಮರಿಗಳು ಎಲ್ಲಿ?"

ಅದೇ ಪ್ರಶ್ನೆಯನ್ನು ಅವಳು ಎರಡು ವರ್ಷದ ಹಿಂದೆ ಒಕ್ಕೂಟದ ಸಭೆಯಲ್ಲೂ ಕೇಳಿದ್ದಳು. ನಮ್ಮವರು ಮೇಜು ಕುಟ್ಟಿದ್ದರು. ನಾನು ಎದ್ದು ನಿಂತು, "ಮರಿಗಳು ಪ್ರವಾಹದಲ್ಲಿ ನಿಮ್ಮ ಕಡೆ ಬರುತ್ತವೆ, ನೀವು ತಿನ್ನುತ್ತೀರಿ" ಎಂದಿದ್ದೆ. ಭಾರೀ ಚಪ್ಪಾಳೆ ಬಿದ್ದಿತ್ತು. ಈಗಲೂ ಅದನ್ನೇ ಹೇಳಿದೆ. ರುಕಯ್ಯಾ ಕೈಯೆತ್ತಿದಳು. ಪರದೆ ಕಪ್ಪಾಯಿತು.

ಹೊರಗೆ ಪಟಾಕಿ ಸಿಡಿಯಿತು. ಬಂದರಿನ ಧಕ್ಕೆಯ ಕಟ್ಟೆಯಲ್ಲಿ ಸಾಲುಗಟ್ಟಿ ನಿಂತ ದೋಣಿಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು. ಮುಂದಿನ ದೋಣಿ ನಮ್ಮ ಶೇಖರಣ್ಣನದು. ನನ್ನ ಒಡಹುಟ್ಟಿದ ಅಣ್ಣ, 'ಜಲದುರ್ಗಿ'ಯ ತಾಂಡೇಲ, ಅಂದರೆ ದೋಣಿ ನಡೆಸುವ ನಾಯಕ. ಅರವತ್ತೆಂಟನ್ನು ಗೋಡೆಗೆ ಹತ್ತಿಸಿದವರಲ್ಲಿ ಮೊದಲಿಗ. ತಂಗಿಯ ಸಂಖ್ಯೆ ಎಂದು ಮೈಕಿನಲ್ಲಿ ಹೇಳುವಾಗ ಅವನ ದನಿ ಉಬ್ಬುತ್ತಿತ್ತು.

ಮೊದಲ ಐದು ದಿನ ಬಲೆ ಎತ್ತಲಾಗದಷ್ಟು ಮೀನು. ಶೇಖರಣ್ಣ ಮನೆಗೆ ಒಂದು ಬುಟ್ಟಿ ಬಂಗುಡೆ ತಂದು ಅಂಗಳದಲ್ಲೇ ಕವುಚಿದ.

"ಕಾಣ್ ಸುಗಂಧಿ, ಕಾಣ್! ಒಕ್ಕೂಟದ ಮುದ್ರೆ ಇಲ್ದಿದ್ ಮೀನ್! ರುಚಿಯೇ ಬೇರೆ ಇರತ್ತ್."

ಅಮ್ಮ ಮೀನು ಕೊಯ್ಯುತ್ತ ಕೂತಿದ್ದಳು. ಹೊಟ್ಟೆಯಲ್ಲಿ ಮೊಟ್ಟೆಯಿದ್ದ ಮೀನನ್ನು ಬೇರೆಯಾಗಿಸಿ, ಮೊಟ್ಟೆಯ ಗೊಂಚಲನ್ನು ಹುಷಾರಾಗಿ ಡಬ್ಬಿಗೆ ಹಾಕಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟಳು. ಚಿಕ್ಕಂದಿನಿಂದ ನೋಡಿದ ಕೆಲಸ. ನಾನು ಮೊಬೈಲಿನಲ್ಲಿ ಮಂತ್ರಿಗಳ ಭಾಷಣ ನೋಡುತ್ತಿದ್ದೆ.

"ಒಬ್ರ್ ಬಲೆ ಎಳುವತ್ತಿಗೆ ಉಳ್ದರ್ ಸುಮ್ನಿರ್ಕ್ ಅಂಬ್ರ್ ನಿನ್ನ ಅಜ್ಜಯ್ಯ" ಎಂದಳು ಅಮ್ಮ, ತನ್ನಷ್ಟಕ್ಕೆ ತಾನು. "ಇನ್ ಯಾರ್ ಸುಮ್ನಿರ್ತ್ರೋ ಏನೋ."

"ಅಮ್ಮಂಗೆ ಹಳೆ ಕಥಿ ಬಿಟ್ರೆ ಬೇರೆ ಇಲ್ಲೆ" ಎಂದು ಶೇಖರಣ್ಣ ನಕ್ಕ. ನಾನೂ ನಕ್ಕೆ.

ಆರನೆಯ ದಿನ ನಿಯಂತ್ರಣ ಕೋಣೆಯ ನಕ್ಷೆಯಲ್ಲಿ ಮೀನಿನ ಹಿಂಡು ತೋರಿಸುವ ನೀಲಿ ಮೋಡಗಳು ಸರಿಯತೊಡಗಿದವು. ಪಡುವಣಕ್ಕೆ, ತೆಂಕಣಕ್ಕೆ, ನಮ್ಮ ದಡ ಒಂದನ್ನು ಬಿಟ್ಟು ಎಲ್ಲ ಕಡೆಗೂ. ನಮ್ಮ ಮುನ್ನೂರ ಹನ್ನೆರಡು ಕಂಬಗಳು ಎಂದಿನಂತೆ ಕೂಗುತ್ತಲೇ ಇದ್ದವು. ಆದರೆ ಈಗ ಉಳಿದ ಎರಡು ಸಾವಿರದ ಏಳುನೂರೂ ಕೂಗುತ್ತಿದ್ದವು. ಅವುಗಳ ನೀರು ನಮ್ಮ ನೀರಿಗಿಂತ ತಂಪು, ಮೇವು ಹೆಚ್ಚು. ಮೀನಿಗೆ ಗಡಿ ಗೊತ್ತಿಲ್ಲ, ಹೊಟ್ಟೆ ಗೊತ್ತು.

"ಬೇಕಂತಲೇ ಮಾಡ್ತಿದ್ದಾರೆ" ಎಂದು ನಿರ್ದೇಶಕರು ಹಲ್ಲು ಕಡಿದರು.

ಅವರು ಏನನ್ನೂ ಮಾಡುತ್ತಿರಲಿಲ್ಲ. ನಮಗಾಗಿ ಬಾಯಿ ಮುಚ್ಚಿಕೊಂಡು ಕೂರುವುದನ್ನು ನಿಲ್ಲಿಸಿದ್ದರು, ಅಷ್ಟೇ. ಆದರೂ ಧೈರ್ಯ ಹೇಳಿಕೊಂಡೆ: ಅರವತ್ತೆಂಟು ಇದೆಯಲ್ಲ. ಮಳೆಗಾಲ ಕಳೆಯಲಿ, ಇಲ್ಲಿ ಹುಟ್ಟಿದ್ದು ಇಲ್ಲಿಗೇ ಬರುತ್ತದೆ.

ಬಂದರಿನಿಂದ ಮೊದಲು ಹೋದದ್ದು ಬೆಕ್ಕುಗಳು. ಆಮೇಲೆ ಹದ್ದುಗಳು. ಫೆಬ್ರವರಿಯಲ್ಲಿ ಐಸ್ ಕಾರ್ಖಾನೆಯ ಸದ್ದು ನಿಂತಾಗ ಊರಿನವರಿಗೆ ರಾತ್ರಿ ನಿದ್ದೆ ಬರಲಿಲ್ಲವಂತೆ, ಅಷ್ಟು ವರ್ಷ ಆ ಸದ್ದಿನಲ್ಲೇ ಮಲಗಿದವರು. ಮಾರುಕಟ್ಟೆಯಲ್ಲಿ ಮೀನು ಮಾರುವ ಹೆಂಗಸರು ಕೆರೆಯಲ್ಲಿ ಸಾಕಿದ ಮೀನನ್ನು ಮುಂದಿಟ್ಟುಕೊಂಡು, ಗಿರಾಕಿಯ ಮುಖ ನೋಡದೆ ಕೂರುತ್ತಿದ್ದರು. ಶೇಖರಣ್ಣ ಮಾತ್ರ ದಿನವೂ ಧಕ್ಕೆಗೆ ಹೋಗಿ ಹರಿಯದ ಬಲೆಯನ್ನೇ ಬಿಚ್ಚಿ ಮತ್ತೆ ನೇಯುತ್ತಿದ್ದ. ಅವನ ದೋಣಿಯ ಮೂವತ್ತು ಜನರಲ್ಲಿ ಇಪ್ಪತ್ತೆರಡು ಜನ ಬೇರೆ ಬೇರೆ ಊರು ಸೇರಿದರು.

"ನೂಲಹುಣ್ಣಿಮಿ ಬರ್ಲಿ" ಎಂದು ಉಳಿದವರಿಗೆ ಹೇಳುತ್ತಿದ್ದ. "ತಂಗಿ ಮೊಟ್ಟಿ ಎಣಿಸ್ಲಿ. ಲೆಕ್ಕ ಗೊತ್ತಾತ್ತ್."

ಊರು ಮಾತ್ರವಲ್ಲ, ದೇಶವೇ ಆ ಎಣಿಕೆಗೆ ಕಾದಿತ್ತು. ಬಿಟ್ಟುಬರುವ ಕರಾರಿನಲ್ಲಿ ಒಂದು ಸಾಲಿತ್ತು: ಆಗಸ್ಟ್ ಮೂವತ್ತೊಂದರೊಳಗೆ ನಾವು ಕೇಳಿಕೊಂಡರೆ ಕಂಬದ ಸರದಿಯನ್ನಷ್ಟೇ ಹಿಂದಕ್ಕೆ ಕೊಡಬಹುದು. ಆ ದಿನ ದಾಟಿದರೆ ನಮ್ಮ ಹನ್ನೊಂದು ವಾರವನ್ನು ಉಳಿದ ಎಂಟು ದೇಶ ಶಾಶ್ವತವಾಗಿ ಹಂಚಿಕೊಳ್ಳುತ್ತವೆ. ಮೊಟ್ಟೆ ಇದ್ದರೆ ಕೇಳುವ ಅಗತ್ಯವಿಲ್ಲ, ಇಲ್ಲದಿದ್ದರೆ ತಲೆ ತಗ್ಗಿಸಿ ಕೇಳಲೇಬೇಕು. ತೀರ್ಮಾನ ನನ್ನ ಯಂತ್ರದ್ದು.

ನೂಲಹುಣ್ಣಿಮೆ ಆ ವರ್ಷ ಆಗಸ್ಟ್ ಎಂಟಕ್ಕೆ ಬಂತು. ಮರುದಿನ ಬೆಳಿಗ್ಗೆ ನಲವತ್ತೊಂದು ಅಳಿವೆಬಾಯಿಗಳಿಂದ ನೀರು ಬಂತು. ನಾನು ಯಂತ್ರದ ಮುಂದೆ ಕೂತೆ. ಮೊದಲ ಠಾಣೆಯ ಅಂಕಿ ಪರದೆಯ ಮೇಲೆ ಬಿತ್ತು. ಹೋದ ವರ್ಷದ ಎರಡರಷ್ಟು! ಎರಡನೆಯದು, ಮೂರರಷ್ಟು. ನಮ್ಮ ಮರಳಬೆಂಗ್ರೆಯದು ಐದರಷ್ಟು. ಹತ್ತು ವರ್ಷದಲ್ಲಿ ಕಂಡು ಕೇಳರಿಯದ ಫಲ.

ಕೋಣೆಯಲ್ಲಿ ಕುಣಿದಾಟ ಶುರುವಾಯಿತು. ನಿರ್ದೇಶಕರು ನನ್ನ ಕೈ ಹಿಡಿದು ಅಲುಗಾಡಿಸಿದರು. ಹನ್ನೊಂದು ಗಂಟೆಗೆಲ್ಲ ಮಂತ್ರಿಗಳು ಟೀವಿಯಲ್ಲಿ ಬಂದು, ಕಡಲು ನಮ್ಮನ್ನು ಕೈಬಿಡಲಿಲ್ಲ, ನಾವು ಯಾರ ಮುಂದೂ ಬೇಡಿ ನಿಲ್ಲಬೇಕಾಗಿಲ್ಲ ಎಂದು ಘೋಷಿಸಿದರು. ಧಕ್ಕೆಯಲ್ಲಿ ಶೇಖರಣ್ಣನಿಗೆ ಹಾರ ಹಾಕಿದರು. ನಾನು ಒಂದು ಪೊಟ್ಟಣ ಮೈಸೂರುಪಾಕು ಕೊಂಡು ಮನೆಗೆ ಓಡಿದೆ.

ಅಂಗಳದ ತುಂಬ ಮಣ್ಣಿನ ಕುಡಿಕೆಗಳು. ತೊಳೆದು ಬಿಸಿಲಿಗೆ ಕವುಚಿಟ್ಟಿದ್ದವು, ಇಪ್ಪತ್ತೋ ಮೂವತ್ತೋ. ಒಳಗೆ ಅಮ್ಮ ಫ್ರಿಜ್ಜಿನ ಬಾಗಿಲು ತೆರೆದಿಟ್ಟು ಮೇಲಿನ ಖಾನೆಯನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಖಾನೆ ಖಾಲಿ.

"ಎಂತಕ್ಕಮ್ಮ ಇಷ್ಟೊಂದ್ ಕುಡಿಕಿ?"

"ಬಾಗಿನದ್ದ್." ಅಮ್ಮ ತಿರುಗಿ ನೋಡಲಿಲ್ಲ. "ಪ್ರತಿ ವರ್ಷ ಬೀದಿಗೊಂದ್ ಕುಡಿಕಿ ಬಿಡ್ತಿದ್ದಿತ್. ಈ ಸಲ ಹೆದ್ರಿಕಿ ಅಲ್ದಾ? ಮನಿಗೊಂದ್ ಬಿಡುವ ಅಂದೆ. ಯಾರ್ ಮನಿ ಫ್ರಿಜ್ಜಲ್ಲೂ ಒಂದ್ ಮೊಟ್ಟಿ ಉಳೀಲಿಲ್ಲೆ. ಎಲ್ಲ ಕಡಲಬ್ಬಿಗೆ ಕೊಟ್ಟಾಯ್ತ್."

ಕಡಲಬಾಗಿನ. ನೂಲಹುಣ್ಣಿಮೆಯ ಸಂಜೆ ಹೆಂಗಸರು ಅಳಿವೆಬಾಯಿಗೆ ಹೋಗಿ ಬಸುರಿಗೆ ಕೊಡುವಂತೆ ಕಡಲಿಗೆ ಬಾಗಿನ ಕೊಡುವುದು. ಐವತ್ತು ವರ್ಷದ ಹಿಂದೆ ಮೀನು ದಡ ಬಿಟ್ಟು ಹೋದಾಗ, ಮತ್ತೆ ಬಸುರಾಗು ತಾಯಿ ಎಂದು ನಮ್ಮ ಅಜ್ಜಿಯರು ಹಿಡಿದ ಹರಕೆ ಅದು. ಈ ದಡದ ಉದ್ದಕ್ಕೂ ಹಬ್ಬಿತ್ತು. ಎತ್ತಿಟ್ಟ ಮೀನಿನ ಮೊಟ್ಟೆ ಕುಡಿಕೆಗೆ ತುಂಬಿ, ಅರಿಶಿನ ಕಲಸಿ, ವೀಳ್ಯದೆಲೆ ಮುಚ್ಚಿ ನೀರಿಗೆ ಸುರಿಯುವುದು. ಏಳು ವರ್ಷದವಳಿದ್ದಾಗ ನಾನೂ ಕುಡಿಕೆ ಹೊತ್ತಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಹೋಗಲಿಲ್ಲ. ಆ ಸಂಜೆ ನನಗೆ ಯಾವಾಗಲೂ ಕೇಂದ್ರದಲ್ಲಿ ಮರುದಿನದ ತಯಾರಿ. ಅದು ಪೂಜೆ, ಇದು ವಿಜ್ಞಾನ. ನನ್ನ ತಲೆಯಲ್ಲಿ ಎರಡಕ್ಕೂ ಬೇರೆ ಬೇರೆ ಕೋಣೆ, ನಡುವೆ ಬಾಗಿಲಿರಲಿಲ್ಲ.

ಮೈಸೂರುಪಾಕಿನ ಪೊಟ್ಟಣವನ್ನು ಫ್ರಿಜ್ಜಿನ ಮೇಲಿಟ್ಟೆ.

"ಅಮ್ಮ, ಎಲ್ಲೆಲ್ಲಿ ಬಿಡ್ತ್ರ್ ಈ ಬಾಗಿನ?"

"ಎಲ್ಲಿ ಅಂದ್ರೆ? ಅಳಿವಿ ಬಾಯಲ್ಲಿ. ಹೊಳಿ ಇದ್ದ್ ಊರಲ್ಲೆಲ್ಲ ಬಿಡ್ತ್ರ್."

"ನಂಗೆ ಯಾಕ್ ಹೇಳ್ಲಿಲ್ಲೆ?"

ಅಮ್ಮ ಬಟ್ಟೆ ಹಿಂಡುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ನೀನ್ ಎಲ್ಲಿ ಕೇಂಡೆ ಹೆಣೆ? ನೀನ್ ಕೇಂಡದ್ದ್ ಯಂತ್ರವ."

ಕೇಂದ್ರಕ್ಕೆ ಹೇಗೆ ಬಂದೆನೋ ನೆನಪಿಲ್ಲ. ಹತ್ತು ವರ್ಷದ ಕಡತಗಳನ್ನು ತೆರೆದೆ. ನೀರಿನ ಮಾದರಿಯಲ್ಲಿ ಮೊಟ್ಟೆಯಲ್ಲದ್ದು ಏನಾದರೂ ಸಿಕ್ಕಿದರೆ ಯಂತ್ರ ಅದನ್ನು ಬೇರೊಂದು ಪಟ್ಟಿಗೆ ಹಾಕುತ್ತದೆ. ಮೊದಲ ವರ್ಷವೇ ಅದು ಒಂದು ಹಳದಿ ವಸ್ತುವನ್ನು ತೋರಿಸಿತ್ತು. ಕೆಳಗೆ ನನ್ನದೇ ಟಿಪ್ಪಣಿ: 'ಹೊಳೆಯಿಂದ ಬಂದ ಕಲ್ಮಶ. ಇನ್ನು ಮುಂದೆ ತೋರಿಸುವುದು ಬೇಡ.' ಯಂತ್ರ ಪಾಪ, ನಾನು ಹೇಳಿದಂತೆ ಹತ್ತು ವರ್ಷ ಬಾಯಿ ಮುಚ್ಚಿಕೊಂಡು ಬರೆದಿಟ್ಟಿತ್ತು.

ಮುಚ್ಚಿಟ್ಟ ಪಟ್ಟಿಯನ್ನು ತೆರೆದು ಮೊಟ್ಟೆಯ ಪಟ್ಟಿಯ ಪಕ್ಕದಲ್ಲಿಟ್ಟೆ. ಮೊಟ್ಟೆ ಹೆಚ್ಚಿದ್ದಲ್ಲಿ ಹಳದಿ ಹೆಚ್ಚು, ಮೊಟ್ಟೆ ಕಡಿಮೆಯಿದ್ದಲ್ಲಿ ಹಳದಿ ಕಡಿಮೆ. ನಲವತ್ತೊಂದು ಠಾಣೆ, ಹತ್ತು ವರ್ಷ, ಒಂದೂ ತಪ್ಪಿರಲಿಲ್ಲ. ಈ ವರ್ಷ ಮರಳಬೆಂಗ್ರೆಯಲ್ಲಿ ಹಳದಿ ಐದರಷ್ಟು.

ಅರಿಶಿನ! ದೇಶವೇ ನಂಬಿ ಒಕ್ಕೂಟ ಬಿಟ್ಟ ಅರವತ್ತೆಂಟು, ನಮ್ಮ ಅಮ್ಮಂದಿರು ಫ್ರಿಜ್ಜಿನಿಂದ ತೆಗೆದು ಹೊಳೆಗೆ ಸುರಿದ ಬಾಗಿನ. ತಿಂಗಳುಗಟ್ಟಲೆ ಮಂಜುಗಡ್ಡೆಯಾಗಿದ್ದ ಮೊಟ್ಟೆಯಿಂದ ಮರಿ ಹುಟ್ಟುವುದುಂಟೆ? ಯಂತ್ರಕ್ಕೆ ಮೊಟ್ಟೆಯ ಕುರುಹು ಗೊತ್ತು, ಸತ್ತದ್ದೋ ಬದುಕಿದ್ದೋ ಗೊತ್ತಿಲ್ಲ. ನಮ್ಮ ದಡದಲ್ಲಿ ಐವತ್ತು ವರ್ಷದಿಂದ ಒಂದೇ ಒಂದು ಬಂಗುಡೆಯೂ ಹುಟ್ಟಿರಲಿಲ್ಲ. ಮರಿಗಳು ಎಲ್ಲಿ ಎಂದು ರುಕಯ್ಯಾ ಕೇಳಿದ್ದಳು. ನಾನು ಚಪ್ಪಾಳೆ ಗಿಟ್ಟಿಸಿಕೊಂಡಿದ್ದೆ. ಎರಡೂ ಪಟ್ಟಿಗಳನ್ನು ಹಿಡಿದು ನಿರ್ದೇಶಕರ ಕೋಣೆಗೆ ಹೋದೆ.

ನಿರ್ದೇಶಕರು ಎರಡೂ ಪಟ್ಟಿಗಳನ್ನು ನೋಡಿದರು. ಆಮೇಲೆ ಕನ್ನಡಕ ತೆಗೆದು, "ಮಂತ್ರಿಗಳು ಹೇಳಿಯಾಯ್ತಲ್ಲ ಸುಗಂಧಿ" ಎಂದರು.

"ಸರ್, ಮೂವತ್ತೊಂದು ದಾಟಿದ್ರೆ ಮತ್ತೆ ಯಾವತ್ತೂ ಸಿಗಲ್ಲ."

"ನೀವು ನನ್ನ ಕೆಳಗಿನ ಅಧಿಕಾರಿ. ನಿಮ್ಮ ಲೆಕ್ಕ ನೀವೇ ತಪ್ಪು ಅಂದ್ರೆ ಯಾರು ಕೇಳ್ತಾರೆ? ಮರುಎಣಿಕೆ ಆಗ್ಬೇಕಾದ್ರೆ ತಾಂಡೇಲರ ಸಂಘ ಬರೆದುಕೊಡಬೇಕು. ಕಾನೂನು ಹಾಗಿದೆ." ಕನ್ನಡಕ ಮತ್ತೆ ಹಾಕಿಕೊಂಡು, "ಬರೆದುಕೊಟ್ರೆ ನಾನು ತಡೆಯೋದಿಲ್ಲ" ಎಂದರು.

ತಾಂಡೇಲರ ಸಂಘದ ಅಧ್ಯಕ್ಷ ಶೇಖರಣ್ಣ.

ಅವನು ಬಲೆಯ ಶೆಡ್ಡಿನಲ್ಲಿದ್ದ. ಹಾರವನ್ನು ತೆಗೆದು ಮೊಳೆಗೆ ನೇತುಹಾಕಿದ್ದ. ಬೇರೆ ಊರು ಸೇರಿದ ಇಪ್ಪತ್ತೆರಡು ಜನರಿಗೆ ಫೋನು ಮಾಡಿ, ಊರಿಗೆ ಬನ್ನಿ, ನವೆಂಬರಿನಲ್ಲಿ ಕಡಲಿಗಿಳಿಯುವ ಎಂದು ಹೇಳುತ್ತಿದ್ದ. ನಾನು ಹೇಳಬೇಕಾದ್ದನ್ನು ನಿಂತಲ್ಲೇ ಹೇಳಿದೆ. ಅವನು ಮೊದಲು ನಕ್ಕ. ನಾನು ಅಳುವುದನ್ನು ನೋಡಿ ನಗು ನಿಂತಿತು.

"ತಮಾಷಿ ಮಾಡ್ಬೇಡ."

"ತಮಾಷಿ ಅಲ್ಲ ಅಣ್ಣ. ನಾನೇ ತಪ್ಪ್ ಮಾಡಿದ್ದ್."

"ಹತ್ತ್ ವರ್ಷ!" ಅವನ ಕೈಯಲ್ಲಿದ್ದ ಬಲೆ ನೇಯುವ ಸೂಜಿ ಗೋಡೆಗೆ ಹೋಗಿ ಬಡಿಯಿತು. "ಹತ್ತ್ ವರ್ಷ ನಿನ್ನ್ ಹೆಸ್ರ್ ಹೇಳ್ಕಂಡ್ ಊರೂರ್ ತಿರುಗಿದೆ. ಗೋಡಿ ಮೇಲೆ ಬರ್ದೆ. ಮೈಕಲ್ಲಿ ಕೂಗ್ದೆ. ಇಪ್ಪತ್ತೆರಡ್ ಜನ ದೋಣಿ ಬಿಟ್ ಹೋದ್ರ್, ಗೊತ್ತಿತ್ತಾ ನಿಂಗೆ? ಅವ್ರ ಮುಖಕ್ಕೆ ಎಂತ ಹೇಳುದ್ ನಾನ್? ಅರಿಶಿನ ಅಂತ ಹೇಳುದಾ?"

ಅಷ್ಟರಲ್ಲಿ ಅಮ್ಮ ಬಂದಳು, ನನ್ನ ಹಿಂದೆಯೇ ಹೊರಟಿರಬೇಕು, ಏದುಸಿರು ಬಿಡುತ್ತಿದ್ದಳು. ಕೈಯಲ್ಲಿ ಒಂದು ಕುಡಿಕೆ.

"ಮಗಾ, ಅವಳಿಗ್ ಬೈಬೇಡ. ಬಾಗಿನ ಬಿಟ್ಟದ್ದ್ ನಾನ್."

"ನೀನೆಂತ ಮಾಡ್ದೆ ಅಮ್ಮ? ನೀನ್ ಮೀನ್ ಬರ್ಲಿ ಅಂತ ಬಿಟ್ಟದ್ದ್."

"ಹೌದ್. ನೀನೂ ಮೀನ್ ಬರ್ಲಿ ಅಂತ್ಲೇ ಕೂಗ್ದೆ. ಅವಳೂ ಮೀನ್ ಬರ್ಲಿ ಅಂತ್ಲೇ ಎಣ್ಸ್‌ದ್ಲ್." ಅಮ್ಮ ಕುಡಿಕೆಯನ್ನು ಬಲೆಯ ರಾಶಿಯ ಮೇಲಿಟ್ಟಳು. ತಳದಲ್ಲಿ ಇನ್ನೂ ಹಳದಿ ಅಂಟಿತ್ತು. "ಬಂತಾ ಮೀನ್?"

ಶೇಖರಣ್ಣ ಆ ಕುಡಿಕೆಯನ್ನು ನೋಡುತ್ತ ಕೂತುಬಿಟ್ಟ. ಅವನ ಮುಖ ನೋಡಲಾರದೆ ನಾನು ಹೊರಗೆ ಬಂದೆ. ಧಕ್ಕೆಯ ಗೋಡೆಯ ಮೇಲೆ ಅವನೇ ಬರೆದ ಅರವತ್ತೆಂಟು, ಆಳೆತ್ತರದ್ದು. ಒಂದು ಗಂಟೆಯೋ ಎರಡು ಗಂಟೆಯೋ ಕಳೆದ ಮೇಲೆ ಅವನು ಕಾಗದ ಹಿಡಿದು ಬಂದ. ಮರುಎಣಿಕೆಗೆ ಅರ್ಜಿ. ಅವನ ರುಜು ಎಲ್ಲಕ್ಕಿಂತ ಮೇಲೆ.

"ಉಳ್ದ್ ತಾಂಡೇಲ್ರ ಮನಿಗೆ ನಾನೇ ಹೋತೆ" ಎಂದ. "ಬೈಗುಳ ತಿಂಬುದಾರೆ ನಾನೇ ತಿಂತೆ. ನೀನ್ ಬರ್ಬೇಡ."

ಸಂಘದ ರುಜುಗಳೆಲ್ಲ ಸೇರಲಿಕ್ಕೆ ಹದಿನೈದು ದಿನ ಹಿಡಿಯಿತು. ಒಂದು ಊರಿನಲ್ಲಿ ಅವನ ಅಂಗಿ ಹರಿದರು. ದೇಶದ್ರೋಹಿ ಎಂದರು. ಎಂಟು ತಿಂಗಳ ಹಿಂದೆ ಅವನೇ ಬೇರೆಯವರಿಗೆ ಅಂದ ಮಾತು.

ಆಗಸ್ಟ್ ಇಪ್ಪತ್ತೇಳರ ಬೆಳಿಗ್ಗೆ ಮರುಎಣಿಕೆ. ಟೀವಿಯವರು ಕ್ಯಾಮರಾ ಹಿಡಿದು ನನ್ನ ಬೆನ್ನ ಹಿಂದೆ ನಿಂತಿದ್ದರು. ಮೊದಲ ಠಾಣೆ: ಸೊನ್ನೆ. ಯಾರೋ ಯಂತ್ರ ಕೆಟ್ಟಿದೆ ಎಂದರು. ಎರಡನೆಯದು ಸೊನ್ನೆ. ಮೂರು, ನಾಲ್ಕು, ಐದು. ಹತ್ತನೆಯದೂ ಅದೇ. ನಲವತ್ತೊಂದೂ ಸೊನ್ನೆಯಾಗಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದವಳು ನಾನೊಬ್ಬಳೇ. ಕೊನೆಯದು ಮರಳಬೆಂಗ್ರೆಯದು. ಅದೂ ಸೊನ್ನೆಯಾದಾಗ, ನಾನೇ ಬೇಡಿದ್ದಾದರೂ, ಯಂತ್ರದಿಂದ ಮತ್ತೊಮ್ಮೆ ಓದಿಸಿದೆ. ನಾನು ಹುಟ್ಟಿದ ಊರಿನ ಕಡಲು ಬಂಜೆ ಎಂದು ನನ್ನ ಕೈಯಾರೆ ತೋರಿಸಿದ್ದೆ.

ಮಂತ್ರಿಗಳು ಆ ದಿನ ಟೀವಿಗೆ ಬರಲಿಲ್ಲ. ಸರದಿ ಕೇಳುವ ಅರ್ಜಿ ಒಕ್ಕೂಟಕ್ಕೆ ಹೋದದ್ದು ಮೂವತ್ತೊಂದರ ಮಧ್ಯಾಹ್ನ, ಗಡುವಿಗೆ ಕೆಲವೇ ಗಂಟೆ ಇರುವಾಗ. ಉತ್ತರ ಮೂರು ವಾರದ ಮೇಲೆ ಬಂತು. ಹನ್ನೊಂದು ವಾರ ಕೊಡಲಿಲ್ಲ. ನಮ್ಮ ವಾರಗಳನ್ನು ನಂಬಿ ಅಲ್ಲಿನವರೂ ಹೊಸ ದೋಣಿ ಕಟ್ಟಿದ್ದರಂತೆ. ಈ ವರ್ಷಕ್ಕೆ ನಾಲ್ಕು ವಾರ, ಮುಂದಿನದು ಮುಂದೆ. ಕರಾವಳಿಯಲ್ಲಿ ಅರ್ಧ ದೋಣಿಗಳು ಮರಳ ಮೇಲೇ ಉಳಿಯುತ್ತವೆ. 'ಜಲದುರ್ಗಿ' ಉಳಿಯುತ್ತದೋ ಇಳಿಯುತ್ತದೋ, ಇದನ್ನು ಬರೆಯುವ ಹೊತ್ತಿಗೂ ತೀರ್ಮಾನವಾಗಿಲ್ಲ.

ನವೆಂಬರ್ ಹದಿನೈದು, ಸರದಿ ಶುರುವಾಗುವ ದಿನ. ಅಮ್ಮನನ್ನೂ ಶೇಖರಣ್ಣನನ್ನೂ ನಿಯಂತ್ರಣ ಕೋಣೆಗೆ ಕರೆದುಕೊಂಡು ಹೋದೆ. ಮೂವತ್ತು ವರ್ಷದ ಕೇಂದ್ರ ಅದು, ಊರಿನ ಒಬ್ಬ ಹೆಂಗಸೂ ಒಳಗೆ ಕಾಲಿಟ್ಟಿರಲಿಲ್ಲ, ನಾನೊಬ್ಬಳನ್ನು ಬಿಟ್ಟು. ಅಮ್ಮ ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತಳು.

ಹನ್ನೆರಡಕ್ಕೆ ಪರದೆ ಬೆಳಗಿತು. ರುಕಯ್ಯಾಳ ತಲೆಗೂದಲು ಸ್ವಲ್ಪ ನರೆತಿತ್ತು. ಎಂಟು ಸಲ ಅಭ್ಯಾಸ ಮಾಡಿದ ಕ್ಷಮೆಯ ಮಾತನ್ನು ನಾನು ಶುರುಮಾಡುವಷ್ಟರಲ್ಲಿ ಅವಳು ಕೈಯೆತ್ತಿದಳು.

"ಮಾನ್ಯ ಸುಗಂಧಿಯವರೇ" ಎಂದಿತು ಯಂತ್ರ, ಅದೇ ಹಳೆಯ ಸರಕಾರಿ ದನಿಯಲ್ಲಿ. "ದಯವಿಟ್ಟು ಆಲಿಸಿ."

ಕಡಲೊಳಗಿನ ದನಿಯನ್ನು ಮನುಷ್ಯರ ಕಿವಿಗೆ ನಾಟುವಂತೆ ಏರಿಸಿ ಕೇಳಿಸುವ ಸ್ಪೀಕರೊಂದು ನಮ್ಮ ಕೋಣೆಯಲ್ಲಿದೆ. ಹಾಕಿದೆ. ಮೂರು ಸಾವಿರ ಕಂಬಗಳ ಗುಂಯ್‌ಕಾರ, ಸಂತೆಯ ನಡುವೆ ನಿಂತ ಹಾಗೆ, ನೆಲ ನಡುಗುವಷ್ಟು. ಅಮ್ಮ ಕಿವಿ ಮುಚ್ಚಿಕೊಂಡಳು. ನಕ್ಷೆಯಲ್ಲಿ ಪಡುವಣ ತುದಿಯ ಒಂದು ದೇಶದ ದೀಪಗಳು ಆರಿದವು. ಗದ್ದಲ ಒಂದು ಪದರ ಕಳಚಿತು. ಇನ್ನೊಂದು ದೇಶ ಆರಿತು. ಮತ್ತೊಂದು. ಪ್ರತಿ ಸಲವೂ ಅಮ್ಮ ಬೆರಳು ಮಡಚಿದಳು. ಎಂಟನೆಯದು ರುಕಯ್ಯಾಳ ದೇಶ. ಅವಳು ತನ್ನ ಗುಂಡಿಯ ಮೇಲೆ ಬೆರಳಿಟ್ಟು, ನನ್ನತ್ತ ಒಮ್ಮೆ ನೋಡಿ, ಒತ್ತಿದಳು.

ಉಳಿದದ್ದು ನಮ್ಮ ದನಿಯೊಂದೇ. ಇಷ್ಟು ಸಣ್ಣದೇ ಅದು? ದೂರದ ಹಿತ್ತಿಲಿನಲ್ಲಿ ಯಾರೋ ರಾಗಿ ಬೀಸಿದ ಹಾಗೆ. ದಿನವೂ ನನ್ನ ಕೆಲಸವೇ ಆಗಿದ್ದ ದನಿ, ಮೊದಲ ಸಲ ಕೇಳಿಸಿಕೊಂಡೆ.

"ಎಂಟೂ ದೇಶದರ್ ಸುಮ್ನಾದ್ರಾ?" ಅಮ್ಮನ ಬಾಯಿ ತೆರೆದೇ ಇತ್ತು. "ನಮ್ಗೊಂದ್ ಬಂಗುಡಿ ಸಿಕ್ಕುಕೆ ಇಷ್ಟೆಲ್ಲ ಜನ ಸುಮ್ನಿರ್ಕಾ, ಹೆಣೆ? ಪ್ರತಿ ವರ್ಷ ಇದ್ದಿದ್ದ್ರಾ ಹೀಂಗೆ?"

"ಹೌದಮ್ಮ. ಪ್ರತಿ ವರ್ಷ."

ಶೇಖರಣ್ಣ ನಕ್ಷೆಯನ್ನೇ ನೋಡುತ್ತಿದ್ದವನು ಏನೋ ಹೇಳಲಿಕ್ಕೆ ಬಾಯಿ ತೆರೆದ. ಅಮ್ಮ ಕೂತಲ್ಲಿಂದಲೇ ಅವನ ಕೈ ಹಿಡಿದೆಳೆದಳು, ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟುಕೊಂಡಳು.

"ಶ್... ಮಾತಾಡ್ಬೇಡ."